ಈರವ್ವನ ಬೆಲ್ಲದ ಡಬ್ಬಿ

ನವಿ ಮುಂಬಯಿಯ ರಬಾಳೆಯಲ್ಲಿ ಈರವ್ವನ ಖಾನಾವಳಿಗೆ ಬೋರ್ಡು ಇಲ್ಲ. ಸ್ಟೇಷನ್ ಬಿಟ್ಟು ಕಂಪನಿಗಳ ಕಡೆ ನಡೆಯುತ್ತಾ ಹೋಗಿ. ಪಂಕ್ಚರ್ ಅಂಗಡಿ ದಾಟಿದ ಮೇಲೆ, ಬಾಗಿಲ ಎರಡೂ ಕಡೆ ಹಳೆಯ ಎಣ್ಣೆ ಡಬ್ಬಗಳಲ್ಲಿ ತುಳಸಿ, ದೊಡ್ಡಪತ್ರೆ, ಆಳೆತ್ತರದ ಆಡುಸೋಗೆ ಕಂಡರೆ ಅದೇ ಎಂದು ತಿಳಿಯಿರಿ. ಬೆಳಿಗ್ಗೆ ಎದ್ದ ಕೂಡಲೇ ಅವಳು ಹಸಿ ಬಟ್ಟೆ ಹಿಡಿದು ಆ ಎಲೆಗಳನ್ನು ಒಂದೊಂದಾಗಿ ಒರೆಸುತ್ತಾಳೆ. ಮಧ್ಯಾಹ್ನದೊಳಗೆ ಮತ್ತೆ ಧೂಳು ಕೂತಿರುತ್ತದೆ. ಮರುದಿನ ಮತ್ತೆ ಒರೆಸುತ್ತಾಳೆ. ನಾನಾಗಿದ್ದರೆ ಎಂದೋ ಆ ಡಬ್ಬಗಳನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ.

ನಾನು ವಾರಿಜಾ, ಅವಳ ಖಾನಾವಳಿಯ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗಿರುವವಳು. ಉಡುಪಿ ಕಡೆಯವಳು, ತುರ್ಭೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರಾದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗೊತ್ತಿದ್ದವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ. ಈರವ್ವನ ಪರಿಚಯವಾದದ್ದೂ ಜಗಳದಿಂದಲೇ. ಮನೆ ಸಾಮಾನು ಮೇಲೆ ಸಾಗಿಸಿ ಹಸಿದು ಹೈರಾಣಾಗಿ ಅವಳ ಖಾನಾವಳಿಗೆ ಬಂದು ಕೂತೆ. ಊಟ ಬಡಿಸುವ ಬದಲು ಅವಳು ಸ್ಟೀಲಿನ ಡಬ್ಬಿ ತೆರೆದು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಮುಂದಿಟ್ಟಳು. ನನಗೆ ಸಕ್ಕರೆ ಕಾಯಿಲೆ, ಬೆಲ್ಲ ಬೇಡ, ಊಟ ಬಡಿಸು ಎಂದೆ. ಅವಳು ಕದಲಲಿಲ್ಲ. ಹೊರಗಿಂದ ಬಂದವರು ಮೊದಲು ಬಾಯಿ ಸಿಹಿ ಮಾಡಬೇಕು, ಆಮೇಲೆ ತಾಟು ಎಂದಳು. ಇದು ಹೋಟೆಲೋ ದೇವಸ್ಥಾನವೋ ಎಂದು ಕೇಳಿದೆ. ಕೊನೆಗೆ ಅವಳೇ ಬೆಲ್ಲವನ್ನು ಚಿವುಟಿ ಸಾಸಿವೆ ಕಾಳಿನಷ್ಟು ನನ್ನ ಅಂಗೈಗೆ ಹಾಕಿದಳು. ಇಂದಿಗೂ ನನ್ನ ಪಾಲು ಅಷ್ಟೇ.

ಹೊರಗಿಂದ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯೂ ಉಂಟು, ಅವಳ ಇಳಕಲ್ ಕಡೆಯೂ ಉಂಟು. ಬಿಸಿಲಲ್ಲಿ ಬಂದವನಿಗೆ ಮೊದಲು ಬೆಲ್ಲ, ನೀರು, ಆಮೇಲೆ ಮಾತು. ಅದನ್ನು ಕೊಡದೆ ಕಳಿಸಿದರೆ ಆ ಮನೆಯ ಬಾಗಿಲು ಅವನಿಗೆ ಮುಚ್ಚಿತು ಎಂದೇ ಅರ್ಥ. ಈರವ್ವನ ಬೆಲ್ಲಕ್ಕೆ ಇನ್ನೊಂದು ಕಥೆಯೂ ಇತ್ತು. ಅವಳ ಅವ್ವ ಹತ್ತಿ ಗಿರಣಿಯಲ್ಲಿ ದುಡಿದವಳು. ಸಂಜೆ ಕೆಲಸ ಬಿಟ್ಟಾಗ ಗಿರಣಿಯ ಗೇಟಿನಲ್ಲಿ ಪ್ರತಿ ಹೆಂಗಸಿಗೂ ಒಂದು ಉಂಡೆ ಬೆಲ್ಲ ಕೊಡುತ್ತಿದ್ದರಂತೆ. ಗಂಟಲಿಗೆ ಅಂಟಿದ ಹತ್ತಿಯ ಎಳೆ ಬೆಲ್ಲದ ಜೊತೆ ಕೆಳಗಿಳಿಯುತ್ತದೆ, ಎದೆ ಹಗುರಾಗುತ್ತದೆ ಎಂಬ ನಂಬಿಕೆ. ಅವ್ವ ಅರ್ಧ ಉಂಡೆ ತಿಂದು, ಉಳಿದರ್ಧ ಸೆರಗಿನ ತುದಿಗೆ ಕಟ್ಟಿಕೊಂಡು ಮಕ್ಕಳಿಗೆ ತರುತ್ತಿದ್ದಳು. ಈರವ್ವನಿಗೆ ಬೆಲ್ಲ ಎಂದರೆ ಔಷಧಿಯೂ ಹೌದು, ಅವ್ವನೂ ಹೌದು.

ಅವಳ ಖಾನಾವಳಿಗೆ ಸಂಜೆ ಬರುವವರು ಹೆಚ್ಚಿನವರು ಗ್ರಾನೈಟ್ ಕೊಯ್ಯುವವರು. ಕಲ್ಲು ಕೊಯ್ದು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆಗಳು ಈ ರಸ್ತೆಯ ತುಂಬ ಇವೆ. ಇಳಕಲ್, ಕುಷ್ಟಗಿ ಕಡೆಯ ಗಂಡಸರು ಕಲ್ಲಿನ ಹಿಂದೆಯೇ ಇಲ್ಲಿಗೆ ಬಂದವರು. ಕೆಲಸ ಬಿಟ್ಟು ಬರುವಾಗ ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಯಾರು ಮುದುಕ, ಯಾರು ಹರೆಯದವ ಎಂದು ಗೊತ್ತಾಗುವುದಿಲ್ಲ. ಈರವ್ವ ಬಾಗಿಲಲ್ಲೇ ತಡೆಯುತ್ತಿದ್ದಳು. ಮೊದಲು ಡ್ರಮ್ಮಿನ ನೀರಲ್ಲಿ ಮುಖ ತೊಳೆಯಬೇಕು, ಬಿಸಿ ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಬೇಕು, ಆಮೇಲೆ ಬೆಲ್ಲ. ಬೆಲ್ಲ ಕರಗುವ ತನಕ ಯಾರೂ ಮಾತಾಡುವಂತಿಲ್ಲ. ಅಷ್ಟು ಜನ ಗಂಡಸರು ಗಲ್ಲ ಉಬ್ಬಿಸಿಕೊಂಡು ತೆಪ್ಪಗೆ ಸಾಲಾಗಿ ಕೂತಿರುವುದನ್ನು ನೋಡುವುದೇ ಒಂದು ಮಜಾ. ನಂತರ ಬಿಸಿ ಜೋಳದ ರೊಟ್ಟಿ, ಹುರುಳಿ ಕಟ್ಟಿನ ಸಾರು, ಅಗಸಿ ಚಟ್ನಿ, ಹಸಿ ಉಳ್ಳಾಗಡ್ಡಿ. ಕೊನೆಗೆ ಸಣ್ಣ ಲೋಟದಲ್ಲಿ ಆಡುಸೋಗೆ, ಶುಂಠಿ, ಜ್ಯೇಷ್ಠಮಧು ಹಾಕಿ ಕುದಿಸಿದ ಕಷಾಯ.

ಆ ಕಷಾಯದ ವಿಷಯದಲ್ಲಿ ನಮ್ಮಿಬ್ಬರಿಗೆ ಎಂದೂ ಹೊಂದಲಿಲ್ಲ. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು ಹುರಿದು ಪುಡಿ ಮಾಡಿ, ಹಾಲು ಹಾಕಿ ಕುಡಿಯುವುದು ನಮ್ಮ ಕಷಾಯ. ಅದು ಕಷಾಯವೇ ಅಲ್ಲ, ಚಹಾದ ತಂಗಿ ಎಂದು ಅವಳ ತಕರಾರು. ಅವಳದ್ದು ಬಾಯಿಗಿಟ್ಟರೆ ಕಹಿಗೆ ಕಣ್ಣಲ್ಲಿ ನೀರು ಬರುತ್ತದೆ. ಆದರೂ ಚಳಿಗಾಲದಲ್ಲಿ ಕಂಪನಿಗಳ ಕಡೆಯಿಂದ ಮೂಗು ಸುಡುವ ವಾಸನೆ ಇಳಿದು ಬಂದಾಗ, ನನ್ನ ಗಂಟಲು ಕಟ್ಟಿದಾಗ, ನಾನು ಸುಮ್ಮನೆ ಮೆಟ್ಟಿಲಿಳಿದು ಅವಳ ಕಹಿಯನ್ನೇ ಕುಡಿದಿದ್ದೇನೆ. ಹಾಯೆನಿಸಿದ್ದೂ ನಿಜ. ಅವಳೆದುರು ಒಪ್ಪಿಕೊಂಡಿಲ್ಲ, ಅಷ್ಟೇ.

ಈರವ್ವನ ಬೆಲ್ಲಕ್ಕೆ ಎಲ್ಲರಿಗಿಂತ ದೊಡ್ಡ ಭಕ್ತ ಅವಳ ತಮ್ಮ ಚನ್ನು. ಅವ್ವ ತೀರಿಕೊಂಡಾಗ ಅವನು ಇನ್ನೂ ಕಂಕುಳ ಕೂಸು. ಮದುವೆಯಾಗಿ ಇಲ್ಲಿಗೆ ಬರುವಾಗ ಈರವ್ವ ಅವನನ್ನು ಜೊತೆಯಲ್ಲೇ ಕರೆತಂದಳು. ರಿಕ್ಷಾ ಓಡಿಸುತ್ತಿದ್ದ ಅವಳ ಗಂಡ ಒಳ್ಳೆಯವನು, ಬೇಡ ಎನ್ನಲಿಲ್ಲ. ಅವನೂ ಬೇಗ ಹೋಗಿಬಿಟ್ಟ. ಮಕ್ಕಳಾಗಲಿಲ್ಲ. ಅವಳಿಗೆ ಅಂತ ಇದ್ದವನು ಚನ್ನು ಒಬ್ಬನೇ. ಅವನು ಕಲ್ಲು ಕೊಯ್ಯುವುದರಲ್ಲಿ ಎತ್ತಿದ ಕೈ. ಮಾತಿನಲ್ಲೂ ಅಷ್ಟೇ. ಹೊಸಬರು ಕೆಲಸಕ್ಕೆ ಸೇರಿದರೆ ಖಾನಾವಳಿಗೆ ಕರೆತಂದು, ಎದೆ ತಟ್ಟಿಕೊಂಡು, ನೋಡಿ, ಹುಡುಗನಾಗಿದ್ದಾಗಿನಿಂದ ಈ ಪುಡಿಯಲ್ಲೇ ಇದ್ದೇನೆ, ಅಕ್ಕನ ಬೆಲ್ಲ ತಿಂದು ಗುಂಡುಕಲ್ಲಿನ ಹಾಗೆ ಇದ್ದೇನೆ ಎನ್ನುತ್ತಿದ್ದ. ಕಾರ್ಖಾನೆಯಲ್ಲಿ ಮಾಸ್ಕ್ ಕೊಟ್ಟರೆ ಅದನ್ನು ಮೊಣಕೈಗೆ ಕಟ್ಟಿಕೊಳ್ಳುತ್ತಿದ್ದ.

“ಎದಿಯಾಗ ಅಕ್ಕನ ಬೆಲ್ಲ ಐತಿ. ಮೂಗಿಗ್ಯಾಕ ಲಂಗೋಟಿ?” ಎನ್ನುತ್ತಿದ್ದ.

ಎಲ್ಲರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಆಗಲೇ ಅವನಿಗೆ ಕೆಮ್ಮು ಶುರುವಾಗಿತ್ತು. ಕೆಮ್ಮು ಬಂದಾಗೆಲ್ಲ ಜೇಬಿನಿಂದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಚನ್ನುವಿನ ಜೊತೆ ಒಂದೇ ಮಶೀನಿನಲ್ಲಿ ಕೆಲಸ ಮಾಡುತ್ತಿದ್ದವನು ವಿರುಪಾಕ್ಷಪ್ಪ. ಬಹಳ ಸಾಧು ಮನುಷ್ಯ. ಹೋದ ಮಳೆಗಾಲದಲ್ಲಿ ಅವನಿಗೆ ನಾಲ್ಕು ಹೆಜ್ಜೆ ನಡೆದರೂ ಉಸಿರು ಸಿಗದಾಯಿತು. ಊರಿಗೆ ಹೋಗಿ ಸುಧಾರಿಸಿಕೊಂಡು ಬರುತ್ತೇನೆ ಎಂದು ಹೊರಟ. ಈರವ್ವ ಅವನಿಗೆ ಒಂದು ಬೆಲ್ಲದ ಪೆಂಟಿ, ನೆರಳಲ್ಲಿ ಒಣಗಿಸಿದ ಆಡುಸೋಗೆ ಎಲೆ, ಹೇಗೆ ಕುದಿಸಬೇಕು ಎಂಬ ವಿವರ ಎಲ್ಲ ಕಟ್ಟಿಕೊಟ್ಟಳು. ದೀಪಾವಳಿ ಕಳೆದ ಮೇಲೆ ಅವನ ಹೆಂಡತಿಯ ಫೋನ್ ಬಂತು. ನಾನು ಅಲ್ಲೇ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಕೈಯಲ್ಲಿ ಹಿಟ್ಟಿದ್ದುದರಿಂದ ಈರವ್ವ ಸ್ಪೀಕರ್ ಹಾಕಿದ್ದಳು.

ವಿರುಪಾಕ್ಷಪ್ಪ ತೀರಿಕೊಂಡಿದ್ದ. ಹೆಂಡತಿ ಬೈಯಲು ಫೋನ್ ಮಾಡಿರಲಿಲ್ಲ, ಉಪಕಾರ ನೆನೆಯಲು ಮಾಡಿದ್ದಳು. ದವಾಖಾನೆಗೆ ಹೋಗೋಣ ಎಂದು ಎಷ್ಟು ಕರೆದರೂ ಬರಲಿಲ್ಲವಂತೆ. ಈರಕ್ಕನ ಬೆಲ್ಲ ಇರುವಾಗ ದವಾಖಾನೆ ಯಾಕೆ ಎನ್ನುತ್ತಿದ್ದನಂತೆ. ಕೊನೆಯ ದಿನವೂ ಬಾಯಲ್ಲಿ ಅದೇ ಇತ್ತಂತೆ. “ನಿಮಗ ಪುಣ್ಯಾ ಬರ್ಲಿ ಯಕ್ಕಾ,” ಎಂದು ಹೇಳಿ ಅವಳು ಫೋನ್ ಇಟ್ಟಳು.

ಈರವ್ವ ಹಿಟ್ಟಿನ ಮುದ್ದೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಆ ಪುಣ್ಯದ ಮಾತು ಅವಳನ್ನು ಒಳಗೇ ಸುಟ್ಟಿತು. ಆ ಸಂಜೆ ಗಂಡಸರು ಬಂದಾಗ ಬೆಲ್ಲವನ್ನೇನೋ ಕೊಟ್ಟಳು, ಆದರೆ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ನನ್ನನ್ನು ಕರೆದುಕೊಂಡು ಮಹಾನಗರಪಾಲಿಕೆಯ ದವಾಖಾನೆಗೆ ಹೋದಳು. ಅವಳಿಗೆ ಏನೂ ಆಗಿರಲಿಲ್ಲ, ಕೇಳಬೇಕಾಗಿತ್ತು, ಅಷ್ಟೇ. ಕಾಯಿಲೆಯವರ ಜೊತೆ ಲೈನಿನಲ್ಲಿ ನಿಂತು, ನಂಬರ್ ಬಂದಾಗ ಒಳಗೆ ಹೋಗಿ, ತನ್ನ ಮರಾಠಿಯಲ್ಲಿ ನೇರವಾಗಿ ಕೇಳಿದಳು: ಕಲ್ಲಿನ ಪುಡಿ ಎದೆಗೆ ಹೋದರೆ ಬೆಲ್ಲದಿಂದ ಇಳಿಯುತ್ತದೋ ಇಲ್ಲವೋ. ಡಾಕ್ಟರ್ ಮಾನಸಿ ಎಂಬ ಹುಡುಗಿ, ಒಳ್ಳೆಯ ತಾಳ್ಮೆಯವಳು, ನಗಲಿಲ್ಲ. ಗಂಟಲಿನ ಧೂಳು ಬೆಲ್ಲದ ಜೊತೆ ಇಳಿದರೂ ಇಳಿಯಬಹುದು, ಕಷಾಯದಿಂದ ಗಂಟಲಿಗೆ ಹಿತವೂ ಆಗಬಹುದು ಎಂದಳು. ಆದರೆ ತಿಂದದ್ದು ಹೋಗುವ ದಾರಿ ಬೇರೆ, ಉಸಿರು ಹೋಗುವ ದಾರಿ ಬೇರೆ. ಶ್ವಾಸಕೋಶದಲ್ಲಿ ಕೂತ ಕಲ್ಲಿನ ಪುಡಿಯನ್ನು ಯಾವ ಬೆಲ್ಲವೂ ಯಾವ ಸೊಪ್ಪೂ ಹೊರಗೆ ತರುವುದಿಲ್ಲ, ತನ್ನ ಔಷಧಿಯೂ ತರುವುದಿಲ್ಲ. ಬೇಗ ಗೊತ್ತಾದರೆ ಪುಡಿಯಿಂದ ದೂರ ಸರಿದು ಉಳಿದ ಎದೆಯನ್ನು ಕಾಪಾಡಿಕೊಳ್ಳಬಹುದು. ಅದಕ್ಕೆ ಎಕ್ಸ್‌ರೇ ತೆಗೆಸಬೇಕು.

ಈರವ್ವ ಇನ್ನೊಮ್ಮೆ ಕೇಳಿದಳು. ಡಾಕ್ಟರ್ ಇನ್ನೊಮ್ಮೆ ಅದನ್ನೇ ಹೇಳಿದಳು. ಹಿಂದಿರುಗುವಾಗ ರಿಕ್ಷಾ ಬೇಡ ಎಂದು ನಡೆದೇ ಬಂದಳು. ನನ್ನ ಮೊಣಕಾಲು ನೋವಿನ ಯೋಚನೆ ಅವಳಿಗೆ ಆವತ್ತು ಬರಲಿಲ್ಲ, ನಾನೂ ನೆನಪಿಸಲಿಲ್ಲ. ಒಂದು ಬದುಕಿನಷ್ಟು ಕಾಲ ಕೈಯಾರೆ ಕೊಟ್ಟದ್ದನ್ನು ಹೀಗೆ ಎದುರು ನಿಂತು ಕೇಳಿ ತಿಳಿದುಕೊಳ್ಳುವ ಎದೆಗಾರಿಕೆ ಎಷ್ಟು ಜನಕ್ಕಿದೆ ಹೇಳಿ. ನನಗಂತೂ ಇಲ್ಲ. ನನ್ನ ಕಷಾಯದ ಪುಡಿಯ ಬಗ್ಗೆ ಯಾರಾದರೂ ಒಂದು ಮಾತು ಆಡಲಿ, ಜಗಳಕ್ಕೇ ನಿಲ್ಲುತ್ತೇನೆ.

ಆ ಸಂಜೆ ಗಂಡಸರು ಎಂದಿನಂತೆ ಮುಖ ತೊಳೆದು, ಬಾಯಿ ಮುಕ್ಕಳಿಸಿ, ಕೈಚಾಚಿ ಕೂತರು. ಈರವ್ವ ಡಬ್ಬಿಯನ್ನು ಎಲ್ಲರೆದುರು ತಂದಿಟ್ಟು ಮುಚ್ಚಳ ಒತ್ತಿದಳು. ಎದೆಯ ಫೋಟೋ ತೆಗೆಸಿಕೊಂಡು ಬಂದವರಿಗೆ ಮಾತ್ರ ಇನ್ನು ಬೆಲ್ಲ ಎಂದಳು. ಊಟ ಇದೆ, ಕಷಾಯ ಇದೆ, ಬೆಲ್ಲ ಇಲ್ಲ. ತಮಾಷೆ ಎಂದುಕೊಂಡು ಅವರು ನಕ್ಕರು. ಅವಳು ಬೆಲ್ಲವಿಲ್ಲದೆ ತಾಟು ಇಡುತ್ತಾ ಹೋದಾಗ ನಗು ನಿಂತಿತು. ಬೆಲ್ಲ ಯಾವ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ? ಆದರೆ ಮನೆಮಠ ಬಿಟ್ಟು ಬಂದ ಆ ಗಂಡಸರಿಗೆ ಈ ಊರಲ್ಲಿ ಮನೆ ಎಂಬಂತಿದ್ದ ಜಾಗ ಅದೊಂದೇ. ಅಲ್ಲಿ ಮುಚ್ಚಳ ಬಿದ್ದದ್ದು ಅವರಿಗೆ ಚುರುಕ್ಕೆಂದಿತು.

“ನನಗೂ?” ಎಂದು ಕೇಳಿದ ಚನ್ನು.

“ನಿನಗ ಮೊದಲ,” ಎಂದಳು ಈರವ್ವ.

ಅವನು ತಾಟು ಸರಿಸಿ ಎದ್ದ. ತನ್ನ ಅಕ್ಕನ ಬಾಗಿಲಲ್ಲಿ, ತಾನೇ ಕರೆತಂದ ಜನರೆದುರು ತನಗೆ ಅವಮಾನವಾಯಿತು ಎಂದ. ಬೆಲ್ಲದಿಂದ ಏನೂ ಆಗದಿದ್ದರೆ ಇಷ್ಟು ವರ್ಷ ಯಾಕೆ ತಿನ್ನಿಸಿದೆ ಎಂದೂ ಕೇಳಿದ. ಅವಳು ತಾಟನ್ನು ಮತ್ತೆ ಅವನತ್ತ ಸರಿಸಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಉಳಿದವರು ಒಬ್ಬೊಬ್ಬರಾಗಿ ದಾರಿಗೆ ಬಂದರು. ಗೊಣಗಿದರು, ಅರ್ಧ ದಿನದ ಕೆಲಸ ಹಾಳು ಎಂದರು, ಆದರೂ ಹೋದರು. ಕೆಲವರ ಎದೆ ಚೆನ್ನಾಗಿತ್ತು, ಕೆಲವರದ್ದು ಇರಲಿಲ್ಲ. ಅಷ್ಟು ಜನ ದವಾಖಾನೆ ಕಂಡ ಮೇಲೆ ಕಾರ್ಖಾನೆಯ ಮಾಲೀಕನಿಗೂ ಸ್ವಲ್ಪ ಹೆದರಿಕೆ ಹುಟ್ಟಿ, ಧೂಳು ಏಳದಂತೆ ಮಶೀನಿನ ಬ್ಲೇಡಿಗೆ ನೀರಿನ ಪೈಪು ಹಾಕಿಸಿದ. ದಿನಾ ನೀರು ಬಿಡುತ್ತಾನೆ ಎಂದು ನಾನು ಹೇಳುವುದಿಲ್ಲ. ಬಿಟ್ಟ ದಿನ ಗಂಡಸರು ಕಪ್ಪು ತಲೆಯಲ್ಲೇ ಊಟಕ್ಕೆ ಬರುತ್ತಾರೆ.

ಚನ್ನು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಎದುರಿನ ವಡಾಪಾವ್ ಗಾಡಿಯ ಬಳಿ, ಖಾನಾವಳಿಗೆ ಬೆನ್ನು ಹಾಕಿ ನಿಂತು ತಿನ್ನುತ್ತಿದ್ದ. ಬೆನ್ನು ಹಾಕಿದರೇನು, ಕೆಮ್ಮು ರಸ್ತೆ ದಾಟಿ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಈರವ್ವನ ಕೈ ಪ್ರತಿ ಕೆಮ್ಮಿಗೂ ನಿಲ್ಲುತ್ತಿತ್ತು. ಅಷ್ಟು ತೆಳ್ಳಗೆ ಬಡಿಯುತ್ತಿದ್ದವಳ ರೊಟ್ಟಿ ಆ ದಿನಗಳಲ್ಲಿ ಅಂಚು ಹರಿಯುತ್ತಿತ್ತು. ಹಠ ಸಾಕು, ಕರೆದುಬಿಡು ಎಂದು ನಾನು ಎಷ್ಟೋ ಸಲ ಹೇಳಿದೆ. ಅವಳು ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿ ಹೊಸದಾಗಿ ಬಡಿಯುತ್ತಿದ್ದಳು.

ಹೀಗಿರುವಾಗ ಸಂಕ್ರಾಂತಿ ಬಂತು. ಜನವರಿಯಲ್ಲಿ ಇಲ್ಲಿ ಹೊಗೆ ಮತ್ತು ಮಂಜು ಸೇರಿ ಎದುರಿನ ಕಟ್ಟಡವೂ ಕಾಣುವುದಿಲ್ಲ. ಹಬ್ಬದ ಬೆಳಿಗ್ಗೆಯೂ ಹಾಗೇ ಇತ್ತು. ಆದರೂ ಗಲ್ಲಿಯ ತುಂಬ ಸಂಭ್ರಮ. ಮರಾಠಿಯವರು ತಮ್ಮ ಎಳ್ಳುಂಡೆ ತಿಳಗೂಳ ಹಂಚುತ್ತಿದ್ದರು, ಈರವ್ವ ತಟ್ಟೆ ತುಂಬ ಕುಸುರೆಳ್ಳು, ಬೆಲ್ಲ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಆ ದಿನ ಯಾರಿಗೂ ಇಲ್ಲ ಎನ್ನುವ ಪದ್ಧತಿಯಿಲ್ಲ. ನೀರಿನ ವಿಷಯದಲ್ಲಿ ವರ್ಷವಿಡೀ ನಮ್ಮ ಜೊತೆ ಕಚ್ಚಾಡುವ ಮನೆ ಮಾಲೀಕನೂ ಬಂದು ಅವಳ ಕೈಯಿಂದ ತೆಗೆದುಕೊಂಡು ಹೋದ. ಆಗ ಚನ್ನು ಬಂದ. ಹೊಸ ಅಂಗಿ ಹಾಕಿದ್ದ, ಹೆಂಡತಿ ಕಾಂಚನಾ ಜೊತೆಗಿದ್ದಳು. ಹಬ್ಬದ ದಿನ ಅಕ್ಕ ಹೇಗೆ ಇಲ್ಲ ಎನ್ನುತ್ತಾಳೆ ನೋಡುತ್ತೇನೆ ಎಂಬ ಧೈರ್ಯ ಅವನ ಮುಖದಲ್ಲೇ ಕಾಣುತ್ತಿತ್ತು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದಂತೆ ಅವನು ಬಗ್ಗಿ ಅವಳ ಪಾದ ಮುಟ್ಟಿ ಕೈಚಾಚಿದ.

ಈರವ್ವ ಕಾಂಚನಾಳ ಕೈ ತುಂಬ ಎಳ್ಳುಬೆಲ್ಲ ಹಾಕಿದಳು. ಆಮೇಲೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

“ಇವತ್ತ ಹಬ್ಬ ಐತಿ ಅಕ್ಕಾ,” ಎಂದ ಚನ್ನು.

“ಗೊತ್ತೈತಿ. ವಿರುಪಾಕ್ಷಪ್ಪ ಸಾಯೂತನಕ ನನ್ನ ಬೆಲ್ಲಾ ತಿಂದ. ಅವನ ಹೇಣ್ತಿ ನನಗ ಪುಣ್ಯಾ ಬರ್ಲಿ ಅಂದ್ಲು. ನಿನ್ನ ಹೇಣ್ತಿ ಬಾಯಾಗ ಆ ಮಾತು ನಾ ಕೇಳೂದಿಲ್ಲ. ಎದಿ ತೋರಿಸ್ಕೊಂಡ ಬಾ.”

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವನು ಅದನ್ನು ಅಂಗಿಗೆ ಒರೆಸಿಕೊಂಡು ನಡೆದುಬಿಟ್ಟ. ಕಾಂಚನಾ ಎಳ್ಳುಬೆಲ್ಲ ಮುಷ್ಟಿಯಲ್ಲಿ ಹಿಡಿದುಕೊಂಡು ಅವನ ಹಿಂದೆ ಓಡಿದಳು. ನನಗೆ ತಡೆಯಲಾಗಲಿಲ್ಲ, ಎಲ್ಲರೆದುರೇ ಈರವ್ವನನ್ನು ತರಾಟೆಗೆ ತೆಗೆದುಕೊಂಡೆ.

“ಎಂತ ಹಠ ಮಾರಾಯ್ತಿ ನಿನ್ನದು? ಇವತ್ತು ಶತ್ರುಗಳಿಗೂ ಕೊಡ್ತಾರೆ.”

“ಶತ್ರುಗಳಿಗಾದ್ರ ಕೊಟ್ಟೇನ್ರಿ ವಾರಿಜಾಬಾಯಾರ. ಇವಗ ಕೊಡೂದಿಲ್ಲ,” ಎಂದಳು.

ಅಷ್ಟು ಹೇಳಿ ಒಳಗೆ ಹೋದಳು. ಹಬ್ಬದ ಅಡುಗೆಯನ್ನು ಎಲ್ಲರಿಗೂ ಬಡಿಸಿದಳು, ತಾನು ತುತ್ತು ಮುಟ್ಟಲಿಲ್ಲ. ಪಾತ್ರೆ ತೊಳೆಯುವಾಗ ನೋಡಿದೆ, ಅಳುತ್ತಿದ್ದಳು. ಅವನು ಇನ್ನು ಬರುವುದೇ ಇಲ್ಲವೇನೋ ಎಂದು ನನಗೂ ಭಯವಾಯಿತು. ಅವಳಿಗಿದ್ದ ಒಬ್ಬನೇ ತಮ್ಮನನ್ನು ಅವಳೇ ಬಾಗಿಲಿಂದ ಕಳಿಸಿದ್ದಳು. ಅವನನ್ನು ಉಳಿಸಿಕೊಳ್ಳಲು ಅವನನ್ನೇ ಕಳೆದುಕೊಳ್ಳಲೂ ಅವಳು ತಯಾರಿದ್ದಳು ಎಂಬುದು ನನ್ನ ತಲೆಗೆ ಹೋದದ್ದು ಆಗಲೇ. ಇಂಥ ಹೆಂಗಸಿನ ಮುಂದೆ ನನ್ನ ಸಿಟ್ಟು ಯಾವ ಲೆಕ್ಕ ಎನಿಸಿತು. ಮೇಲೆ ಹೋಗಿ ನನ್ನ ಕಷಾಯ ಮಾಡಿ ತಂದುಕೊಟ್ಟೆ. ಚಹಾದ ತಂಗಿ ಎನ್ನದೆ ಕುಡಿದಳು.

ಹಬ್ಬ ಕಳೆದು ಕೆಲವು ದಿನಗಳ ನಂತರ, ಮಧ್ಯಾಹ್ನ ಖಾನಾವಳಿ ಖಾಲಿಯಿದ್ದ ಹೊತ್ತಿನಲ್ಲಿ ಚನ್ನು ಬಂದ. ಕಂಕುಳಲ್ಲಿ ಎಕ್ಸ್‌ರೇ ಕವರು ಇತ್ತು. ಹೊಸ್ತಿಲಾಚೆಯೇ ನಿಂತುಕೊಂಡ. ಈರವ್ವ ಅಕ್ಕಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಅವನು ನೆಲ ನೋಡುತ್ತಾ ಹೇಳಿದ. ಎದೆಯಲ್ಲಿ ಪುಡಿ ಕೂತಿದೆ. ವಿರುಪಾಕ್ಷಪ್ಪನಷ್ಟು ಆಗಿಲ್ಲ. ಕೂತದ್ದು ಹೋಗುವುದಿಲ್ಲ, ಆದರೆ ಇನ್ನು ಕಲ್ಲು ಕೊಯ್ಯಲು ಹೋಗಲೇಬಾರದು, ತಪಾಸಣೆಗೆ ಬರುತ್ತಿರಬೇಕು ಎಂದಿದ್ದಾರೆ. ಕೊಯ್ಯುವುದನ್ನು ಬಿಟ್ಟಾಯಿತು, ಪುಡಿಯಿಂದ ದೂರದ ಕೆಲಸ ಹುಡುಕುತ್ತಿದ್ದೇನೆ ಎಂದ. ಮಾತಿನಲ್ಲೂ ಎತ್ತಿದ ಕೈಯಾಗಿದ್ದವನ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

“ಬೆಲ್ಲದಿಂದ ಹೋಗೂದಿಲ್ಲಂತ ಅಕ್ಕಾ,” ಎಂದ ಕೊನೆಗೆ.

“ಇಲ್ಲಪ್ಪಾ, ಹೋಗೂದಿಲ್ಲ,” ಎಂದಳು ಈರವ್ವ.

ಮೊರ ಕೆಳಗಿಟ್ಟು ಎದ್ದಳು. ಡಬ್ಬಿಯ ಮುಚ್ಚಳ ತೆಗೆದು, ಇದ್ದುದರಲ್ಲಿ ದೊಡ್ಡ ಚೂರು ಆರಿಸಿ, ಹೊಸ್ತಿಲ ಬಳಿ ಹೋಗಿ ತನ್ನ ಕೈಯಿಂದಲೇ ಅವನ ಬಾಯಿಗೆ ಹಿಡಿದಳು. ಅವನು ಮುಖ ಹಿಂದೆ ಸರಿಸಿದ.

“ಮತ್ತ ಯಾಕ ಕೊಡ್ತಿ?”

“ನೀ ಬಂದಿ ಅಂತ.”

ಚನ್ನು ಬಾಯಿ ತೆರೆದ. ಬೆಲ್ಲ ಕರಗುವ ತನಕ ಮೂವರೂ ಮಾತಾಡಲಿಲ್ಲ. ಆಮೇಲೆ ಈರವ್ವ ತಂಬಿಗೆಯಲ್ಲಿ ನೀರು ಕೊಟ್ಟು, ಒಳಗೆ ಬಾ, ರೊಟ್ಟಿ ಬಡಿಯುತ್ತೇನೆ ಎಂದಳು.